ಹಿಟ್ಟು ಉಸಿರಾಡಿದ ಮಹಡಿ

ಮನೆಯೊಳಗೆ ಮನುಷ್ಯರಿದ್ದಾರೋ ಇಲ್ಲವೋ ಎಂಬುದು ಗೋಡೆಗೇ ಗೊತ್ತಾಗುವಂತಿದ್ದರೆ ಊರು ಹೇಗಿರುತ್ತದೆ? ಸಭೆಗಳಲ್ಲಿ ಈ ಪ್ರಶ್ನೆ ಕೇಳಿ ತಲೆದೂಗುವವರು ಬಹಳ ಜನ. ಅವರೆಲ್ಲ ಒಂದು ಸಲ ನಮ್ಮ ದಾವಣಗೆರೆಗೆ ಬಂದು ನನ್ನ ಕುರ್ಚಿಯಲ್ಲಿ ಒಂದು ವಾರ ಕೂತು ಹೋಗಲಿ. ಆಮೇಲೂ ತಲೆದೂಗಿದರೆ ನಾನೇ ನಿಂತು ಹಾರ ಹಾಕುತ್ತೇನೆ.

ನನ್ನ ಹೆಸರು ಚಂಪಾ. ನಗರಾಡಳಿತದ ಕೋಣೆ ಭಂಡಾರದಲ್ಲಿ ಕೆಲಸ. ಲೈಬ್ರರಿಯವರು ಪುಸ್ತಕ ಕೊಟ್ಟು ವಾಪಸ್ ಪಡೆಯುತ್ತಾರಲ್ಲ, ನಾವು ಕೋಣೆ ಕೊಟ್ಟು ವಾಪಸ್ ಪಡೆಯುತ್ತೇವೆ. ಪುಸ್ತಕ ಹಿಂದಿರುಗಿಸದವರ ಮೇಲೆ ಲೈಬ್ರರಿಯವರಿಗೆ ಬರುವ ಸಿಟ್ಟನ್ನು ನೀವು ನೋಡಿರಬಹುದು. ಅದಕ್ಕೆ ಇನ್ನೊಂದಿಷ್ಟು ಮೆಣಸಿನಪುಡಿ ಸೇರಿಸಿದರೆ ನಾನು.

ಈ ಭಂಡಾರ ಹುಟ್ಟಿದ್ದು ನಮ್ಮ ಅಜ್ಜಿಯ ಕಾಲದ ಸಂಕಟದಿಂದ. ಆಗ ಊರಿಗೆ ಮಂಡಕ್ಕಿ ಹುರಿಯುವವರು ಬೇಕಿತ್ತು, ಕಸ ಗುಡಿಸುವವರು ಬೇಕಿತ್ತು, ಆಸ್ಪತ್ರೆಯ ನರ್ಸು, ಬಸ್ಸಿನ ಡ್ರೈವರು ಎಲ್ಲ ಬೇಕಿತ್ತು. ಅವರು ಮಲಗುವುದಕ್ಕೆ ಮಾತ್ರ ಊರಿನಲ್ಲಿ ಜಾಗ ಇರಲಿಲ್ಲ. ಒಂದು ಬೀದಿಯಲ್ಲಿ ಬೀಗ ಜಡಿದ ಖಾಲಿ ಮನೆಗಳು, ಪಕ್ಕದ ಬೀದಿಯಲ್ಲಿ ಒಂದೇ ಕೋಣೆಯೊಳಗೆ ಮೂರು ತಲೆಮಾರು. ಬಾಡಿಗೆಗಿದ್ದವರು ಹನ್ನೊಂದು ತಿಂಗಳಿಗೊಮ್ಮೆ ಪಾತ್ರೆಪಗಡೆ ಕಟ್ಟುತ್ತಿದ್ದರು. ಕೊನೆಗೆ ನಗರಾಡಳಿತ ಒಂದು ನಿರ್ಧಾರಕ್ಕೆ ಬಂತು. ಊರಿನ ಜಾಗವನ್ನು ಇನ್ನು ಮಾರುವುದಿಲ್ಲ, ಅಲ್ಲಿ ತಾನೇ ಮನೆ ಕಟ್ಟುತ್ತದೆ, ಬಾಡಿಗೆ ಅವರವರ ಸಂಪಾದನೆಗೆ ತಕ್ಕಷ್ಟು. ಪ್ರತಿ ಕುಟುಂಬಕ್ಕೂ ಅಡುಗೆಮನೆ, ಬಚ್ಚಲು, ಒಂದು ಕೋಣೆ ಖಾಯಂ. ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಪ್ರತಿ ಎರಡು ಮನೆಗಳ ನಡುವೆ ಇನ್ನೊಂದು ಕೋಣೆ. ಈ ನಡುಕೋಣೆ ಯಾರದ್ದೂ ಅಲ್ಲ, ಊರಿನದು. ಮಗಳು ಹೆರಿಗೆಗೆ ಬಂದಳೋ, ಮೊಮ್ಮಕ್ಕಳು ರಜಕ್ಕೆ ಬಂದರೋ, ಯಾರಾದರೂ ಹಾಸಿಗೆ ಹಿಡಿದರೋ, ಬೇಕಾದವರು ಬೇಕಾದಷ್ಟು ದಿನ ಇಟ್ಟುಕೊಂಡು ಬಿಟ್ಟುಕೊಡಬೇಕು.

ಕಟ್ಟಡದ ಗೋಡೆಗಳು ನಮ್ಮ ಸುತ್ತಲಿನ ಅಕ್ಕಿ ಗಿರಣಿಗಳ ಹೊಟ್ಟಿನಿಂದ ಮಾಡಿದವು. ಹೊಟ್ಟನ್ನು ಒತ್ತಿ, ಒಳಗೆ ಸಣ್ಣ ಸಣ್ಣ ಗೂಡು ಬರುವ ಹಾಗೆ ಹೆಪ್ಪುಗಟ್ಟಿಸುತ್ತಾರೆ. ಒಂದು ಸಲ ಕರೆಂಟು ಹರಿಸಿದರೆ ಗೂಡುಗಳು ಉಬ್ಬಿ ಗೋಡೆ ನೆಲಕ್ಕೂ ಚಾವಣಿಗೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಇನ್ನೊಂದು ಸಲ ಹರಿಸಿದರೆ ಸಡಿಲ. ಆಗ ಇಬ್ಬರು ಹೆಂಗಸರು ಮಾತಾಡುತ್ತ ಮಾತಾಡುತ್ತ ಹಳಿಯ ಮೇಲೆ ತಳ್ಳಬಹುದು. ನಡುಕೋಣೆಯ ಯಾವ ಕಡೆಯ ಗೋಡೆ ಸರಿದು ದಾರಿ ಬಿಡುತ್ತದೋ ಕೋಣೆ ಆ ಮನೆಯವರದು. ಜನ ಈ ಕಟ್ಟಡಗಳನ್ನು ಹೊಟ್ಟಿನ ಮನೆ ಎಂದೇ ಕರೆಯುತ್ತಾರೆ. ನಾನೂ ಅಂಥದೊಂದರಲ್ಲೇ ಇದ್ದೇನೆ.

ಕೋಣೆ ನಿಜಕ್ಕೂ ಬಳಕೆಯಲ್ಲಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಕ್ಯಾಮೆರಾ ಇಡುತ್ತೇವೆ ಎಂದಾಗ ಜನ ಕಸಬರಿಗೆ ತೋರಿಸಿದರು. ಸರಿಯಾಗೇ ಮಾಡಿದರು. ಆಗ ನಮ್ಮ ಇಂಜಿನಿಯರ್ ಧನ್ಯಕುಮಾರ್ ಅವರು ಉಸಿರುಮಾಪಕ ಮಾಡಿದರು. ಚಾವಣಿಯಲ್ಲಿ ಅಂಗಿಗುಂಡಿಯಷ್ಟು ದೊಡ್ಡದು. ನಾವು ಹೊರಗೆ ಬಿಡುವ ಗಾಳಿಯನ್ನೂ ಮೈಯ ಬಿಸಿಯನ್ನೂ ಗ್ರಹಿಸುತ್ತದೆ. ಒಳಗಿರುವವರು ಯಾರು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ, ಎಷ್ಟು ಜೀವ ಇದೆ, ಮಲಗಿದೆಯೋ ಎದ್ದಿದೆಯೋ ಎಂಬುದಷ್ಟೇ ಗೊತ್ತು. ಹದಿನೈದು ದಿನ ಉಸಿರೇ ಕಾಣದಿದ್ದರೆ ಗೋಡೆ ಸಡಿಲವಾಗಿ, ಕೋಣೆ ಕಾಯುತ್ತಿರುವ ಪಕ್ಕದ ಮನೆಗೆ ಹೋಗುತ್ತದೆ. "ಮಲಗಿದ ಕೂಸಿನ ಉಸಿರನ್ನೂ ಬಿಡಲ್ಲ ನನ್ನ ಮಾಪಕ" ಎಂದು ಧನ್ಯಕುಮಾರ್ ಸಾರ್ ಬಂದವರಿಗೆಲ್ಲ ಹೇಳುತ್ತಿದ್ದರು. ಈ ಮಾತು ನೆನಪಿರಲಿ.

ಆ ಬೇಸಿಗೆಯಲ್ಲಿ ಕಂಟ್ರೋಲ್ ರೂಮಿನ ಪರದೆ ತುಂಬ ಹಸಿರೋ ಹಸಿರು. ಹಸಿರು ಎಂದರೆ ಕೋಣೆಯಲ್ಲಿ ಉಸಿರಿದೆ ಎಂದರ್ಥ. ಮಂಡಕ್ಕಿ ಭಟ್ಟಿಗಳ ಹತ್ತಿರದ ಹೊಟ್ಟಿನ ಮನೆಯಲ್ಲಂತೂ ಒಂದು ನಡುಕೋಣೆಯೂ ಖಾಲಿ ಇಲ್ಲ.

"ನೋಡ್ರಿ ಚಂಪಾ, ನೂರಕ್ಕೆ ನೂರು ಬಳಕೆ. ಇಂಥಾ ಊರು ಎಲ್ಲಾದ್ರೂ ಐತೇನ್ರಿ?" ಎಂದರು ಧನ್ಯಕುಮಾರ್ ಸಾರ್.

"ಕಾಯ್ತಾ ಇರೋರಿಗೆ ಏನ್ ಹೇಳ್ಲಿ ಸಾರ್?"

"ಸ್ವಲ್ಪ ತಾಳ್ಮೆ ತಗಳ್ರಿ ಅಂತ ಹೇಳ್ರಿ."

ತಾಳ್ಮೆ ತೆಗೆದುಕೊಳ್ಳಿ ಎಂದು ನಾನು ಹೇಳುವುದು, ಜನ ಕೇಳುವುದು. ಇದನ್ನು ಹೇಳಿದವರು ಒಂದು ದಿನವಾದರೂ ಕೌಂಟರಿನಲ್ಲಿ ನಿಂತಿದ್ದರೆ ತಾನೆ.

ಅವತ್ತೇ ಜುಲೇಖಾ ಬಂದಳು. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವವಳು, ಅದೇ ಕಟ್ಟಡದ ಏಳನೇ ಮಹಡಿಯಲ್ಲಿ ಮನೆ. ಗಂಡ, ಅತ್ತೆ, ಬೆಳೆದ ಇಬ್ಬರು ಗಂಡುಮಕ್ಕಳು ಎಲ್ಲ ಒಂದೇ ಕೋಣೆಯಲ್ಲಿ. ಮಗಳು ನಾಜ್ನೀನ್ ಹರಿಹರದಲ್ಲಿ ಗಂಡನ ಮನೆಯಲ್ಲಿದ್ದಳು, ಬಸುರಿ.

"ಚಂಪಕ್ಕ, ದಿನ ತುಂಬ್ತಾ ಬಂತು. ಕೋಣೆ ಯಾವಾಗ ಕೊಡ್ತೀರಿ?"

"ಖಾಲಿ ಇಲ್ಲ ಜುಲೇಖಾ. ನಿಮ್ಮ ಪಕ್ಕದ ನಡುಕೋಣೆ ಸಿಂಚನಮ್ಮನ ಕಡೆಗೈತೆ. ಯಾರೋ ಇದ್ದಾರೆ ಅದರಾಗೆ."

"ನಾಜ್ನೀನ್ ಅತ್ತೆ ಏನಂದ್ಲು ಗೊತ್ತಾ? ನಿಮ್ಮನೆಯಾಗೆ ಬಾಣಂತಿ ಕಾಲು ಚಾಚಕ್ಕೂ ಜಾಗ ಇಲ್ಲ, ನಾವೇ ಮಾಡ್ಕಂತೀವಿ ಬಿಡ್ರಿ ಅಂದ್ಲು. ಒಳ್ಳೇ ಮನಸ್ಸಿಂದಾನೇ ಅಂದ್ಲು. ಆದ್ರೆ ಮೊದಲ್ನೇ ಬಾಣಂತನ ಚಂಪಕ್ಕ. ನನ್ ಕೈಯಾಗೆ ನೀರು ಎರಿಸ್ಕಂಬೇಕು ಅಂತ ಆ ಹುಡುಗಿ ದಿನಾ ಫೋನ್ ಮಾಡ್ತಾಳೆ. ನಾನೇನ್ ಹೇಳ್ಲಿ ಅದಕ್ಕೆ?"

ಅವಳು ಅತ್ತಿದ್ದರೆ ನೀರು ಕೊಟ್ಟು ಸಮಾಧಾನ ಮಾಡಿ ಕಳಿಸುತ್ತಿದ್ದೆ. ಅಳಲಿಲ್ಲ, ಕೌಂಟರ್ ಬಿಟ್ಟು ಕದಲಲೂ ಇಲ್ಲ. ಪರದೆಯ ಹಸಿರನ್ನು ಒಡೆದು ಹಾಕಬೇಕು ಅನ್ನಿಸಿತು. ಒಡೆದರೆ ನನ್ನ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಹಾಗಾಗಿ ಚೀಲ ಹೆಗಲಿಗೆ ಹಾಕಿಕೊಂಡು, ಒಳಗಿರುವವರು ಯಾರು ಎಂದು ನೋಡಿಯೇ ಬಿಡೋಣ ಅಂತ ಅವಳ ಜೊತೆ ಹೊರಟೆ.

ಜುಲೇಖಾ ಭಟ್ಟಿಯ ಕೆಲಸಕ್ಕೆ ಹೋದಳು. ಸಾಲಾಗಿ ವಿಚಾರಿಸುತ್ತ ಹೋಗೋಣವೆಂದು ನಾನು ಏಳನೇ ಮಹಡಿಯ ಮೊದಲನೇ ಮನೆಗೆ ಹೋದಾಗ ಮಧ್ಯಾಹ್ನ ಊಟದ ಹೊತ್ತು. ಬಾಗಿಲು ತೆಗೆದವರು ದೋಸೆ ಕೊಟ್ಟರು. ಬೆಣ್ಣೆ ಹಾಕಿದ ದೋಸೆಯನ್ನು ಬೇಡ ಎನ್ನುವವಳು ದಾವಣಗೆರೆಯವಳಾಗಲು ಸಾಧ್ಯವಿಲ್ಲ, ತಿಂದೆ. ಎರಡನೇ ಮನೆಯಲ್ಲೂ ದೋಸೆ. ಅದನ್ನೂ ತಿಂದೆ. ಮೂರನೇ ಮನೆಯಲ್ಲೂ ತವೆಯ ಮೇಲೆ ಚುಂಯ್ ಎಂಬ ಶಬ್ದ ಕೇಳಿದಾಗ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ನಾಲ್ಕನೇ ಮನೆಯ ಯಜಮಾನರಂತೂ ನನ್ನನ್ನು ಕಂಡದ್ದೇ ತಡ, ಹೆಂಡತಿಗೆ ಕೇಳಿಸದ ಹಾಗೆ ಹತ್ತಿರ ಬಂದರು.

"ಮೇಡಂ, ನೀವು ಸರ್ಕಾರದೋರು. ಹೆಂಗಾರ ಮಾಡಿ ನಮ್ಮನೇಲಿ ಒಂದು ಹೊತ್ತು ರೊಟ್ಟಿ ಮಾಡಿಸ್ರಿ. ತಿಂಗಳಾತು, ಮೂರು ಹೊತ್ತೂ ದೋಸೆ."

"ಯಾಕ್ರಿ?"

"ಹಿಟ್ಟು ಖರ್ಚಾಗಬೇಕಲ್ರಿ."

ಹಿಟ್ಟು ಯಾಕೆ ಖರ್ಚಾಗಬೇಕು ಎಂದು ಕೇಳಿದರೆ ಅವರು ಸಿಂಚನಮ್ಮನ ಬಾಗಿಲು ತೋರಿಸಿ ಒಳಗೆ ಹೋದರು.

ಸಿಂಚನಮ್ಮ ಎಪ್ಪತ್ತರ ಹತ್ತಿರದ ಅಜ್ಜಿ. ಅವರು ಹುಟ್ಟಿದ ಕಾಲದಲ್ಲಿ ಸಿಂಚನಾ ಎಂಬುದು ಭಾರಿ ಹೊಸ ಫ್ಯಾಶನ್ನಿನ ಹೆಸರಾಗಿತ್ತಂತೆ. ಈಗ ಆ ಹೆಸರು ಕೇಳಿದರೆ ಎಲೆಅಡಿಕೆ ಚೀಲ ನೆನಪಾಗುತ್ತದೆ. ಗಂಡ ಅಕ್ಕಿ, ಉದ್ದು, ಒಂದಿಷ್ಟು ಮಂಡಕ್ಕಿ ಹಾಕಿ ಹಿಟ್ಟು ರುಬ್ಬುತ್ತಾರೆ, ಇವರು ಸುತ್ತಲಿನ ದೋಸೆ ಹೋಟೆಲುಗಳಿಗೆ ಕೊಡುತ್ತಾರೆ. ಮೊಮ್ಮಕ್ಕಳು ರಜಕ್ಕೆ ಬಂದಾಗ ನಡುಕೋಣೆ ತೆಗೆದುಕೊಂಡಿದ್ದರು. ಮೊಮ್ಮಕ್ಕಳು ಎಂದೋ ಹೋಗಿದ್ದರು.

"ಸಿಂಚನಮ್ಮ, ನಡುಕೋಣೆಯಾಗೆ ಯಾರು ಮಲಗ್ತಾರೆ?"

"ಯಾರು ಮಲಗ್ತಾರವ್ವ? ಹಿಟ್ಟು ಮಲಗ್ತದೆ. ಬಾ, ನೋಡು."

ಒಳಗೆ ಬೆಚ್ಚಗಿತ್ತು, ಹುಳಿ ವಾಸನೆ ಮೂಗಿಗೆ ಬಡಿಯಿತು. ಗೋಡೆಯುದ್ದಕ್ಕೂ ದೊಡ್ಡ ದೊಡ್ಡ ಪಾತ್ರೆ, ಮೇಲೆ ಬಟ್ಟೆ. ನಾನು ನೋಡುತ್ತಿದ್ದ ಹಾಗೇ ಒಂದು ಬಟ್ಟೆ ನಿಧಾನವಾಗಿ ಮೇಲೆದ್ದು, ಬುಸ್ ಎಂದು ಕೆಳಗಿಳಿಯಿತು. ತಲೆಯೆತ್ತಿದೆ. ಚಾವಣಿಯಲ್ಲಿ ಧನ್ಯಕುಮಾರ್ ಸಾರ್ ಅವರ ಮಾಪಕ ಹಸಿರಾಗಿ ಮಿನುಗುತ್ತಿತ್ತು.

ನನಗೆ ನಗು ಬಂತೋ ಸಿಟ್ಟು ಬಂತೋ ಈಗಲೂ ಹೇಳಲಾರೆ. ಹಿಟ್ಟು ಹುದುಗು ಬರುವುದೆಂದರೆ ಅದರೊಳಗಿನ ಸೂಕ್ಷ್ಮಜೀವಿಗಳು ಅಕ್ಕಿ ಉದ್ದಿನ ಸಿಹಿಯನ್ನು ತಿಂದು, ನಾವು ಉಸಿರಿನಲ್ಲಿ ಬಿಡುವ ಗಾಳಿಯನ್ನೇ ಬಿಡುವುದು. ಜೊತೆಗೆ ಕೋಣೆಯ ಬಿಸಿ. ಕೂಸಿನ ಉಸಿರಿಗೂ ಎಚ್ಚರವಾಗುವ ಮಾಪಕಕ್ಕೆ ಇಷ್ಟು ಹಂಡೆ ಹಿಟ್ಟು ಸಾಲದೇ?

"ಕೋಣೆ ಇಷ್ಟು ದಿನ ನಿಮ್ಮ ಹತ್ರಾನೇ ಹೆಂಗೆ ಉಳೀತು ಅಂತ ನಿಮಗೆ ಅನ್ನಿಸ್ಲಿಲ್ವಾ?"

"ನಿಮ್ಮ ಆಫೀಸಿನೋರು ಒಳ್ಳೇರು, ಮುದುಕಿ ಅಂತ ಬಿಟ್ಟಾರೆ ಅನ್ಕಂಡಿದ್ದೆ. ಆಮೇಲೆ ಅಕ್ಕಪಕ್ಕದೋರು ಬಂದು ಕೇಳಿದ್ರು, ನಿಮ್ಮ ಕೋಣೆ ಮಾತ್ರ ಹೆಂಗೆ ಉಳೀತು ಅಂತ. ಒಳಗೆ ಹಿಟ್ಟು ಇಟ್ಟೀನಿ, ಇನ್ನೇನಿಲ್ಲ ಅಂದೆ. ಎಲ್ರೂ ಇಟ್ರು."

ಎಲ್ಲರೂ ಇಟ್ಟರು. ಏಳನೇ ಮಹಡಿ ಇಟ್ಟಿತು, ಎಂಟನೇ ಮಹಡಿ ಇಟ್ಟಿತು, ಇಡೀ ಕಟ್ಟಡ ಇಟ್ಟಿತು. ಇಟ್ಟ ಹಿಟ್ಟು ಹುಳಿಯಾಗುವ ಮುಂಚೆ ಮುಗಿಸಬೇಕೆಂದು ಮೂರು ಹೊತ್ತೂ ದೋಸೆ ತಿಂದರು.

ಒಂದು ಬಕೆಟ್ ಹಿಟ್ಟು ಇಸಕೊಂಡು ಆಟೋ ಹತ್ತಿ ಕಂಟ್ರೋಲ್ ರೂಮಿಗೆ ಬಂದೆ. ಧನ್ಯಕುಮಾರ್ ಸಾರ್ ಅವರ ಮುಂದೆಯೇ, ಮಾಪಕ ಪರೀಕ್ಷಿಸುವ ಗಾಜಿನ ಪೆಟ್ಟಿಗೆಯೊಳಗೆ ಬಕೆಟ್ ಇಟ್ಟೆ. ಸ್ವಲ್ಪ ಹೊತ್ತಿಗೆ ಪರದೆ ಹಸಿರಾಯಿತು. ಕೆಳಗೆ ಅಕ್ಷರ ಮೂಡಿತು: ಒಬ್ಬ ವಯಸ್ಕರು, ಗಾಢ ನಿದ್ರೆಯಲ್ಲಿದ್ದಾರೆ.

ಸಾರ್ ಬಕೆಟ್ ನೋಡಿದರು, ಪರದೆ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಬಕೆಟ್ ನೋಡಿದರು.

"ಎಷ್ಟು ಬಗೆಯಾಗೆ ಪರೀಕ್ಷೆ ಮಾಡಿದ್ದೆ ಚಂಪಾ. ನಾಯಿ ಇಟ್ಟು ನೋಡಿದ್ದೆ, ಬೆಕ್ಕು ಇಟ್ಟು ನೋಡಿದ್ದೆ, ಹೂವಿನ ಕುಂಡ ಇಟ್ಟು ನೋಡಿದ್ದೆ."

"ದಾವಣಗೆರೆಯಾಗೆ ಮನೆ ಅಂದ್ಮೇಲೆ ಹಿಟ್ಟಿರ್ತದೆ ಅಂತ ಹೊಳೀಲಿಲ್ವಾ ಸಾರ್? ದಿನಾ ಬೆಳಿಗ್ಗೆ ಎರಡು ಖಾಲಿ ದೋಸೆ ತಿಂದೇ ಆಫೀಸಿಗೆ ಬರ್ತೀರಿ."

ಒಳ್ಳೆಯ ಮನುಷ್ಯ, ಬೇಜಾರು ಮಾಡಿಕೊಳ್ಳಲಿಲ್ಲ. ಮರುದಿನ ಸಂಜೆಯ ಹೊತ್ತಿಗೆ ಉಪಾಯ ಸಿಕ್ಕಿತು. ಮನುಷ್ಯರ ಉಸಿರು ಏರುತ್ತದೆ, ಇಳಿಯುತ್ತದೆ. ಹಿಟ್ಟು ಬಿಡುವುದಷ್ಟೇ, ಎಳೆದುಕೊಳ್ಳುವುದಿಲ್ಲ, ಅದರ ಗೆರೆ ಪರದೆಯ ಮೇಲೆ ಮೆತ್ತಗೆ ಏರುತ್ತಲೇ ಹೋಗುತ್ತದೆ. ಮಾಪಕಕ್ಕೆ ಈ ವ್ಯತ್ಯಾಸ ಕಲಿಸಿದ ಕೂಡಲೇ ಭಟ್ಟಿ ಕಟ್ಟಡದ ಹಸಿರೆಲ್ಲ ಒಂದೊಂದಾಗಿ ಹಳದಿಯಾಯಿತು. ಹಳದಿ ಎಂದರೆ ಹಿಟ್ಟು.

"ಈಗ್ಲೇ ಗೋಡೆ ಸಡಿಲ ಮಾಡ್ತೀನಿ. ಎಲ್ಲಾ ಕೋಣೆ ವಾಪಸ್" ಎಂದು ಸಾರ್ ಗುಂಡಿಯ ಕಡೆ ಕೈ ಚಾಚಿದರು.

"ಕೈ ತೆಗೀರಿ ಸಾರ್" ಎಂದೆ. ಯಾಕೆ ಹಾಗೆಂದೆನೋ ಆ ಕ್ಷಣ ನನಗೇ ಗೊತ್ತಿರಲಿಲ್ಲ. ಆದರೆ ಜನರಿಗೆ ಹೇಳದೆ ಕೇಳದೆ ಗೋಡೆ ಸರಿಸಿದರೆ, ನಮಗೂ ಆ ಹನ್ನೊಂದು ತಿಂಗಳ ಮಾಲೀಕರಿಗೂ ಏನು ವ್ಯತ್ಯಾಸ? "ನಾಳೆ ನಾನು ಹೋಗಿ ಮಾತಾಡಿ ಬರ್ತೀನಿ. ಅಲ್ಲೀತನಕ ಮುಟ್ಟಬ್ಯಾಡ್ರಿ."

ಮರುದಿನ ಏಳನೇ ಮಹಡಿಯ ಪಡಸಾಲೆಯಲ್ಲಿ ಎಲ್ಲರನ್ನೂ ಸೇರಿಸಿದೆ. ಹಿಟ್ಟಿನ ಗುಟ್ಟು ಗೊತ್ತಾಗಿದೆ ಎಂದ ಕೂಡಲೇ ಎಲ್ಲರೂ ನೆಲ ನೋಡಿದರು. ರೊಟ್ಟಿ ಕೇಳಿದ್ದ ಯಜಮಾನರು ಮಾತ್ರ ಸಂತೋಷವಾಗಿದ್ದರು.

"ಕೋಣೆ ಬೇಡದಿದ್ರೂ ಯಾಕೆ ಇಟ್ಗಂಡ್ರಿ? ಜುಲೇಖಾನ ಮಗಳು ಹೆರಿಗೆಗೆ ಬರಂಗಿಲ್ಲ ಅಂತ ಕಣ್ಣೀರು ಹಾಕ್ತಾ ಕೂತಾಳೆ. ನೀವಿಲ್ಲಿ ಹಿಟ್ಟಿಗೆ ಜೋಗುಳ ಹಾಡ್ತಾ ಕೂತೀರಿ."

ಸಿಂಚನಮ್ಮ ಬಾಯಿ ಬಿಟ್ಟರು.

"ಹಿಟ್ಟಿಗೆ ಬೆಚ್ಚಗಿನ ಜಾಗ ಬೇಕು, ಅದೊಂದು. ಇನ್ನೊಂದು ಹೇಳ್ತೀನಿ ಕೇಳವ್ವ. ನಾನು ಸಣ್ಣಾಕಿದ್ದಾಗ ಎಷ್ಟು ಮನೆ ಬದ್ಲು ಮಾಡೀವೋ ನನಗೇ ಲೆಕ್ಕ ಇಲ್ಲ. ನಮ್ಮಪ್ಪ ಸಾಮಾನಿನ ಗಾಡಿ ಮೇಲೆ ನನ್ನ ಕೂರಿಸ್ತಿದ್ದ. ಬಿಟ್ಟ ಮನೆ ಮತ್ತೆ ಸಿಕ್ಕಿದ್ದು ಒಂದಿನಾನೂ ನೋಡಿಲ್ಲ. ಈ ಕೋಣೆ ಬಿಟ್ರೆ, ಬರೋ ರಜಕ್ಕೆ ಮೊಮ್ಮಕ್ಕಳು ಬಂದಾಗ ಕೊಡ್ತೀರಿ ಅಂತ ಏನು ಗ್ಯಾರಂಟಿ?"

ನನ್ನ ಸಿಟ್ಟು ಅಲ್ಲೇ ಇಳಿಯಿತು. ಊರಿನ ಉಸಿರನ್ನೆಲ್ಲ ಅಳೆದಿದ್ದೆವು, ಈ ಹೆದರಿಕೆಯನ್ನು ಯಾರೂ ಕೇಳಿರಲಿಲ್ಲ. ಕೇಳಬೇಕಾದವಳು ಕೌಂಟರಿನಲ್ಲಿ ಕೂತ ನಾನೇ.

"ಗ್ಯಾರಂಟಿ ನಾನು ಕೊಡ್ತೀನಿ" ಎಂದೆ. ಅಧಿಕಾರ ಇರಲಿಲ್ಲ, ಆದರೂ ಅಂದೆ. "ಬೇಕು ಅಂದ ದಿನ ಕೋಣೆ ಸಿಗ್ತದೆ. ಸಿಗಲಿಲ್ಲ ಅಂದ್ರೆ ನಮ್ಮನೆಗೆ ಬರ್ರಿ. ನನ್ನ ಮಂಚ ಬಿಟ್ಟುಕೊಟ್ಟು ನಾನು ಅಡುಗೆಮನೆಯಾಗೆ ಮಲಗ್ತೀನಿ."

ಸಿಂಚನಮ್ಮ ಜುಲೇಖಾನ ಕಡೆ ತಿರುಗಿದರು.

"ಹುಡುಗಿಗೆ ಕೋಣೆ ಬೇಕು ಅಂತ ನನ್ನನ್ನೇ ಕೇಳಬಾರದಿತ್ತೇನೇ?"

"ನಿಮ್ಮ ಹಿಟ್ಟು ಎಲ್ಲಿಡ್ತೀರಿ ಅಂತ ಸುಮ್ನಾದೆ."

"ಹಿಟ್ಟು ನನ್ನ ತಲೆ ಮೇಲೆ ಇಡ್ತೀನಿ. ಬಾ, ಗೋಡೆ ಹಿಡಿ."

ಪಾತ್ರೆಗಳನ್ನೆಲ್ಲ ಪಡಸಾಲೆಗೆ ಸಾಗಿಸಿದೆವು. ನಾನು ಫೋನ್ ಮಾಡಿದೆ, ಧನ್ಯಕುಮಾರ್ ಸಾರ್ ಗೋಡೆ ಸಡಿಲ ಮಾಡಿದರು. ಸಿಂಚನಮ್ಮ ತಮ್ಮ ಕಡೆಯ ಗೋಡೆಯನ್ನು ಮುಚ್ಚಿ, ಬಂದು ಜುಲೇಖಾನ ಕಡೆಯ ಗೋಡೆಗೆ ಕೈ ಕೊಟ್ಟರು. ಇಬ್ಬರೂ ಖಾರದ ಮಂಡಕ್ಕಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಎಂದು ವಾದ ಮಾಡುತ್ತ ತಳ್ಳಿದರು. ದಾರಿ ಬಿಟ್ಟುಕೊಂಡ ಖಾಲಿ ಕೋಣೆಯೊಳಗೆ ನಿಂತು ಜುಲೇಖಾ ಮಗಳಿಗೆ ಫೋನ್ ಹಚ್ಚಿದಳು. "ಬಾ, ಜಾಗ ಆತು" ಎಂದಷ್ಟೇ ಹೇಳಿದಳು. ಆಗ ಅತ್ತಳು.

ನಾನು ಕೊಟ್ಟ ಮಾತಿಗೆ ಕಚೇರಿಯಲ್ಲಿ ಬೈಸಿಕೊಂಡೆ. ಆದರೂ ವಿಷಯ ನಗರಾಡಳಿತದ ಸಭೆಗೆ ಹೋಯಿತು. ಚರ್ಚೆ ಜೋರಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಸದಸ್ಯರೊಬ್ಬರ ಮನೆಯ ನಡುಕೋಣೆಯೂ ಹಿಂದಿನ ವಾರ ಹಳದಿಯಾಗಿತ್ತು, ಹಾಗಾಗಿ ಅವರೇ ಎದ್ದು ನಿಂತು ಅನುಮೋದಿಸಿದರು. ಪ್ರತಿ ಮಹಡಿಯಲ್ಲೂ ಒಂದು ಕೋಣೆಯನ್ನು ಸದಾ ಖಾಲಿ ಇಡಬೇಕು, ಕೋಣೆ ಬಿಟ್ಟುಕೊಟ್ಟವರು ಕೇಳಿದ ದಿನ ಅದನ್ನು ಕೊಡಬೇಕು ಎಂದಾಯಿತು. ಮನೆ ಎಂದರೆ ಹೊಟ್ಟೆಪಾಡೂ ಸೇರಿತು ಎಂದು ನಾನು ಗಂಟಲು ಹರಿದುಕೊಂಡದ್ದಕ್ಕೆ, ಪ್ರತಿ ಕಟ್ಟಡದ ಕೆಳಗೆ ಒಂದು ಹಿಟ್ಟಿನ ಕೋಣೆಯೂ ಬಂತು. ಭಟ್ಟಿ ಕಟ್ಟಡದ ಹಿಟ್ಟಿನ ಕೋಣೆಗೆ ಸಿಂಚನಮ್ಮನೇ ಉಸ್ತುವಾರಿ. ಬೇರೆ ಯಾವುದಾದರೂ ಕೋಣೆಯಲ್ಲಿ ಹಿಟ್ಟು ಕಂಡರೆ ಯಂತ್ರ ನೇರವಾಗಿ ಅವರ ಫೋನಿಗೆ ಸೂಚನೆ ಕಳಿಸುತ್ತದೆ. ಜನ ಒಬ್ಬೊಬ್ಬರಾಗಿ ಕೋಣೆ ಬಿಟ್ಟರು. ಕಟ್ಟಡದಲ್ಲಿ ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳಿತು.

ನಾಜ್ನೀನ್ ಬಂದಳು. ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಹೆಣ್ಣುಮಗು. ತಾಯಿ ಮಗಳು ನಡುಕೋಣೆಗೆ ಬಂದು ಸೇರಿದರು. ಪರದೆಯ ಮೇಲೆ ಏಳನೇ ಮಹಡಿಯ ಆ ಚೌಕ ಹಸಿರಾದಾಗ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಆ ಬಣ್ಣ ನನಗೆ ಚೆಂದ ಕಂಡಿತು.

ಒಂದು ಬೆಳಿಗ್ಗೆ ನಾನೂ ಸಾರೂ ಚಹಾ ಕುಡಿಯುತ್ತಿದ್ದೆವು. ಆ ಹಸಿರು ಚೌಕ ಇದ್ದಕ್ಕಿದ್ದಂತೆ ಹಳದಿಯಾಯಿತು. ಕೆಳಗೆ ಅಕ್ಷರ: ಹಿಟ್ಟು, ಅಂದಾಜು ಅರ್ಧ ಸೇರು. ಉಸ್ತುವಾರಿಗೆ ಸೂಚನೆ ಹೋಗಿದೆ.

"ಅಯ್ಯೋ, ಜುಲೇಖಾನೂ ಶುರು ಹಚ್ಚಿದ್ಲಾ?" ಎಂದು ನಾನು ಲೋಟ ಕುಕ್ಕಿದೆ. ಸಾರ್ ಪರದೆಯ ಹತ್ತಿರ ಬಗ್ಗಿ ಗೆರೆ ನೋಡಿದರು. ಮೆತ್ತಗೆ ಏರುತ್ತಿತ್ತು. ಇಳಿಯುತ್ತಿದ್ದರೂ ಕಾಣದಷ್ಟು ಸಣ್ಣಗೆ.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಸಿಂಚನಮ್ಮ.

"ಚಂಪಾ, ನಿನ್ನ ಮಿಷಿನ್ನು ನಂಗೆ ಹೇಳೈತೆ, ನಿಮ್ಮ ಹಿಟ್ಟು ಜುಲೇಖಾನ ಕೋಣೆಯಾಗೈತೆ, ದಯವಿಟ್ಟು ತಗಂಡ್ ಹೋಗ್ರಿ ಅಂತ."

"ನೀವು ಎಲ್ಲಿದೀರಿ?"

"ಅಲ್ಲೇ ಬಂದೀನಿ. ಜುಲೇಖಾ ಮಗಳಿಗೆ ಬಚ್ಚಲಾಗೆ ಎರೀತಾ ಇದಾಳೆ. ಕೋಣೆಯಾಗೆ ಬೇರೆ ಯಾರೂ ಇಲ್ಲ. ಹಿಟ್ಟು ತೊಟ್ಟಿಲಾಗೈತೆ. ಬಟ್ಟೆ ಹೊದ್ಕಂಡು ಬೆಚ್ಚಗೆ ಮಲಗೈತೆ, ಚೆನ್ನಾಗಿ ಉಬ್ಬೈತೆ ಕೆನ್ನೆ. ತಗಂಡ್ ಹೋಗ್ಲೇನವ್ವ?"

ಧನ್ಯಕುಮಾರ್ ಸಾರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ನನಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಸಿಂಚನಮ್ಮನ ಮಾತಿಗೋ ಏನೋ ಆ ಕಡೆ ಕೂಸಿಗೆ ಎಚ್ಚರವಾಯಿತು. ಫೋನಿನಲ್ಲಿ ಅದರ ಅಳು, ಕಿವಿ ತೂತಾಗುವಷ್ಟು ಜೋರು. ಪರದೆಯ ಮೇಲೆ ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ಹಳದಿ ಹೋಗಿ ಹಸಿರು ಬಂತು. ಒಬ್ಬ ನಿವಾಸಿ, ಎಚ್ಚರವಾಗಿದ್ದಾರೆ, ಎಂದಿತು ಯಂತ್ರ.

"ಬ್ಯಾಡ ಸಿಂಚನಮ್ಮ, ಅಲ್ಲೇ ಇರ್ಲಿ ಬಿಡ್ರಿ" ಎಂದೆ. "ಆ ಕೋಣೆ ಅದರದ್ದೇ."